ಕಿವಿಗೊಡು

ಇದರಲ್ಲಿ ಬಾನೆಟ್ಟು ಅಂದರೆ ಇಡೀ ಮೂತಿ.
ಕಣ್ಣು, ಬಾಯಿ, ಕೆನ್ನೆ ಸಮೇತ
ಮೇಲಕ್ಕೆತ್ತಿ ಕೋಲು ಕೊಟ್ಟು ನಿಲ್ಲಿಸಬೇಕು.
ವಿಟ್ಬಿಯ ಗಾಳಿ ಜೋರಾದ ದಿನ ಎತ್ತಲೇಬಾರದು:
ಒಮ್ಮೆ ಕೋಲು ಜಾರಿ
ಕಪ್ಪೆ ನೊಣ ಹಿಡಿದ ಹಾಗೆ
ನನ್ನನ್ನು ಸೊಂಟದವರೆಗೆ ಹಿಡಿದಿತ್ತು.

ಐವತ್ತೊಂಬತ್ತರ ಸ್ಪ್ರೈಟ್. ಕಪ್ಪೆಗಣ್ಣಿನದು.
ಹೊರಗಿನಿಂದ ಬಾಗಿಲಿಗೆ ಹಿಡಿಕೆಯಿಲ್ಲ, ಡಿಕ್ಕಿಗೆ ಮುಚ್ಚಳವಿಲ್ಲ.
ಸೀಟಿನ ಹಿಂದೆ ಬಗ್ಗಿ ಕತ್ತಲಲ್ಲಿ ಕೈಯಾಡಿಸಿ
ಜಾಕ್ ಹುಡುಕಬೇಕು. ಸಿಗುವುದು
ಹೋದ ವರ್ಷ ಕಳೆದ ಕೈಗವಸು, ಒಂದೇ.

ಎಣ್ಣೆ ಸೋರುತ್ತದೆ.
ಸೋರುವುದು ನಿಂತರೆ ಗಾಬರಿಯಾಗಿ ಕಡ್ಡಿ ಎಳೆದು ನೋಡುತ್ತೇನೆ:
ಒಳಗೇ ಮುಗಿದಿರುತ್ತದೆ.

ಬಾಗಿಲ ಕೆಳಗಿನ ಹೊಸ್ತಿಲನ್ನು
ಕಡಲಿನ ಉಪ್ಪು ಮೂರು ಸಲ ತಿಂದಿದೆ, ಮೂರು ಸಲ ಬೆಸೆದಿದ್ದೇನೆ.
ಮೂಲದ ಕಬ್ಬಿಣ ಎಷ್ಟು ಉಳಿದಿದೆ ಎಂದು ಯಾರಾದರೂ ಕೇಳಿದರೆ
ಬಾಯಿ ತೆರೆದು ನನ್ನ ಹಲ್ಲು ತೋರಿಸುತ್ತೇನೆ.

ಮಿಲಿಮೀಟರಿನ ಸ್ಪ್ಯಾನರು ಇದಕ್ಕೆ ಕೂರುವುದಿಲ್ಲ. ಇಂಚಿನದೇ ಆಗಬೇಕು.
ಹೆರಿಂಗ್ ದೋಣಿಗಳ ಇಂಜಿನು ನೋಡಿಕೊಳ್ಳುತ್ತಿದ್ದ
ಸೆಪ್ಟಿಮಸ್ ಹಾರ್ಲ್ಯಾಂಡ್ ತೀರಿಕೊಂಡಾಗ
ಅವನ ಹೆಂಡತಿ ಒಂದು ಬಕೀಟು ತುಂಬ ಕೊಟ್ಟಳು, ಎಂಟು ಪೌಂಡಿಗೆ.
ಮಾರನೆ ದಿನ ಬಂದು ಬಕೀಟು ವಾಪಸು ಕೇಳಿದಳು.
ಅದು ಒಳ್ಳೆಯದಿತ್ತು.

ಕಾರ್ಬ್ಯುರೇಟರು ಎರಡು.
ಎರಡೂ ಒಂದೇ ಸಮ ಉಸಿರೆಳೆಯಬೇಕು.
ಅಳೆಯಲು ಮೀಟರು ಉಂಟು, ಅಂಗಡಿಯಲ್ಲಿ ಸಿಗುತ್ತದೆ.
ನಾನು ಕಲಿತದ್ದು ಒಂದು ಮೊಳ ರಬ್ಬರ್ ಕೊಳವೆಯಲ್ಲಿ:
ಒಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ, ಇನ್ನೊಂದು ಕಿವಿಗೆ.
ಮುಂದಿನದು ಹಿಸ್ಸ್ಸ್. ಹಿಂದಿನದು ಹಿಸ್.
ಸ್ಕ್ರೂ ಕಾಲು ಸುತ್ತು. ಮತ್ತೆ ಕೇಳು.
ಕೂದಲೆಳೆಯಷ್ಟು. ಮತ್ತೆ ಕೇಳು.
ನಲವತ್ತು ವರ್ಷ ಆ ಎರಡು ಉಸಿರಿನ ನಡುವೆ ಕೂತಿದ್ದೇನೆ,
ಜಗಳವಾಡುವ ಅಕ್ಕತಂಗಿಯರ ನಡುವೆ ಕೂತ ಹಾಗೆ.

ಈ ಮಾರ್ಚಿನಲ್ಲಿ ಕೊಳವೆ ಕಿವಿಗಿಟ್ಟೆ. ಏನೂ ಇಲ್ಲ.
ಕಟ್ಟಿಕೊಂಡಿದೆ ಅಂತ ಊದಿದೆ.
ಹೊಸ ಕೊಳವೆ ತಂದೆ.
ಒಂದು ಶನಿವಾರ ಪೂರ್ತಿ ಎರಡನ್ನೂ ಬಿಚ್ಚಿ, ತೊಳೆದು, ಕೂರಿಸಿದೆ.
ಕೆಟ್ಟಿರುವುದು ನಾನು ಅಂತ ಒಪ್ಪಿಕೊಳ್ಳುವುದಕ್ಕೆ
ಅಷ್ಟು ಪೆಟ್ರೋಲು ಖರ್ಚಾಯಿತು.

ಆಸ್ಪತ್ರೆಯ ಪತ್ರ ತಂದವಳು ಬ್ರೈಯೊನಿ,
ಹಿಮ ಬಿದ್ದರೂ ಚಡ್ಡಿಯಲ್ಲೇ ಅಂಚೆ ಹಂಚುವ ಹುಡುಗಿ.
ಸ್ವಲ್ಪ ಕಿವಿಗೊಡು, ಎಂದೆ.
ಚೀಲ ಇಳಿಸಿ ಕೊಟ್ಟಳು.

ಮುಂದಿನದು, ಎಂದಳು, ಟೈರಿನ ಗಾಳಿ ಬಿಟ್ಟ ಹಾಗೆ.
ಹಿಂದಿನದು, ಒಲೆಯ ಮುಂದೆ ಮಲಗಿದ ನಾಯಿ.
ತುಟಿ ನೋಡಿ ತಿಳಿದೆ. ಇಂಜಿನು ಓಡುವಾಗ
ನನಗೆ ಮಾತು ಅಂದರೆ ಕಿವುಡನ ಮುಂದಿನ ಕಿನ್ನರಿಯೇ.
ಆಮೇಲೆ ಬರೀ ಹೆಬ್ಬೆರಳು: ಮೇಲೆ, ಕೆಳಗೆ, ಕೆಳಗೆ,
ಮುಖ ಗಂಟಿಕ್ಕಿ, ಕಣ್ಣು ಮುಚ್ಚಿ,
ನಾನು ಸ್ಕ್ರೂ ತಿರುಗಿಸುತ್ತ ಹೋದೆ.
ಆಮೇಲೆ ಅವಳ ಕೈ ನಿಂತಿತು.
ರಾಕರ್ ಮುಚ್ಚಳದ ಮೇಲಿಟ್ಟ ನನ್ನ ಚಹಾದಲ್ಲಿ
ಅಲೆ ಸಣ್ಣದಾಗಿ, ದುಂಡಗಾಗಿ, ನಡುವಿಗೆ ಬಂದು ನಿಂತಿತು.

ಹೆನ್ರಿಯೆಟ್ಟಾ ಬೀದಿಗೆ ಅವತ್ತು ಅಂಚೆ ಮುಕ್ಕಾಲು ಗಂಟೆ ತಡ.

ಭಾನುವಾರ ಬ್ಲೂ ಬ್ಯಾಂಕಿನ ಏರು ಹತ್ತಿಸಿದೆ.
ಗೇರು ಯಾವಾಗ ಎಂದು ಈಗ ಬೆನ್ನುಹುರಿ ಹೇಳುತ್ತದೆ,
ತೊಡೆ ಹೇಳುತ್ತದೆ, ತಡವಾಗಿ, ಆದರೂ ಹೇಳುತ್ತದೆ.
ಮೇಲೆ ಹೀದರ್ ಬಯಲು, ಕುರಿಗಳ ಬಾಯಿ ತೆರೆದು ಮುಚ್ಚುತ್ತಿತ್ತು.

ಆಸ್ಪತ್ರೆಯ ಲಕೋಟೆಯಿಂದ ಎಣ್ಣೆಕಡ್ಡಿ ಒರೆಸಿದ್ದೇನೆ.
ಒಳಗಿನ ದಿನಾಂಕ ಓದಿಕೊಂಡೆ, ಹೋಗುತ್ತೇನೆ.

ಗುರುವಾರ ನನಗೆ ಪತ್ರವಿರಲಿಲ್ಲ.
ಆದರೂ ಗೇಟು ತೆರೆದು ಒಳಗೆ ಬಂದಳು.
ನಾಯಿ ಎದ್ದಿದೆಯಾ ಅಂತ ನೋಡಬೇಕು, ಎಂದಳು,
ಕೊಳವೆ ಎಲ್ಲಿ?