ಉಳಿಕೆ

ಫಿನ್ಲೆಂಡಿನವರು ಮಾತೇ ಆಡುವುದಿಲ್ಲ ಎನ್ನುವವರಿಗೆ
ಈ ಟೇಪು ಕೇಳಿಸಬೇಕು.
ತುರ್ಕು ಬಂದರಿನ ಒಂದು ನೆಲಮಾಳಿಗೆ, ಎಪ್ಪತ್ತೆಂಟರ ನವೆಂಬರ್.
ತೋರ್ಸ್ತಿ ಪಿಯಾನೊ ನುಡಿಸುತ್ತಾನೆ, ಇಡೀ ಊರು ಹರಟುತ್ತದೆ.
ಮೈಕು ಪಾಪ, ಎಲ್ಲರ ಮಾತಿಗೂ ತಲೆಯಾಡಿಸಿದೆ.

ಬಿಸ್ಕತ್ತಿನ ಡಬ್ಬಿಯಲ್ಲಿ ಬಂದಿತ್ತು. ಬೂಸಲು ವಾಸನೆ.
ಸಣ್ಣ ಉರಿಯ ಒಲೆಯಲ್ಲಿ ಒಂದು ರಾತ್ರಿ ಒಣಗಿಸಿ
ಸುತ್ತಿಗೆ ಹಾಕಿದೆ. ಪರದೆಯ ಮೇಲೆ ಸದ್ದು ಬಣ್ಣವಾಯಿತು.
ಪಿಯಾನೊ, ಎಣ್ಣೆ ಹಚ್ಚಿ ಬಾಚಿದ ತಲೆ, ಗೆರೆ ಗೆರೆ.
ಮಾತು, ಚೆಲ್ಲಿದ ಸಾರು.
ಕೆಮ್ಮು ಒಂದು ಉದ್ದ ಕಂಬ.
ಲೋಟಕ್ಕೆ ಲೋಟ ತಾಗಿದ್ದು ಮೇಲೆಲ್ಲೋ ಒಂದು ಸೂಜಿ.

ಮೊದಲೆಲ್ಲ ಕೈಯಲ್ಲೇ ಆರಿಸುತ್ತಿದ್ದೆ, ಅಕ್ಕಿಯ ಕಲ್ಲಿನ ಹಾಗೆ,
ದಿನಕ್ಕೆ ಒಂದೂವರೆ ನಿಮಿಷದ ಸಂಗೀತ.
ಈಗ ತಂತ್ರಾಂಶವೇ ಕೇರಿ ಕೊಡುತ್ತದೆ.
ಕಾಫಿ ಆರುವಷ್ಟರಲ್ಲಿ ಎರಡು ಕಡತ:
ಒಂದರ ಹೆಸರು ಸಂಗೀತ,
ಇನ್ನೊಂದರದು ಉಳಿಕೆ.

ಸಂಗೀತ ಚೆನ್ನಾಗಿತ್ತು.
ಯಾರೂ ಇಲ್ಲದ ಊರಿನಲ್ಲಿ
ಒಬ್ಬ ಪಿಯಾನೊ ನುಡಿಸಿದರೆ ಎಷ್ಟು ಚೆನ್ನಾಗಿರಬಹುದೋ, ಅಷ್ಟು.

ಔಲಿಕ್ಕಿ ಬಂದಳು. ತೋರ್ಸ್ತಿಯ ಹೆಂಡತಿ, ಎಪ್ಪತ್ತೊಂಬತ್ತು ವರ್ಷ.
ಕೋಟು ಬಿಚ್ಚಲಿಲ್ಲ. ಹೆಡ್‌ಫೋನು ಹಾಕಿಕೊಂಡು
ಮೂರು ನಿಮಿಷ ಕೂತು, ತೆಗೆದಿಟ್ಟಳು.
"ಇದು ಅವನಲ್ಲ."
ಬೆರಳು ಅವನದೇ, ಎಂದೆ.
"ಬೆರಳು ಸರಿ. ಗುನುಗು ಎಲ್ಲಿ?"

ನುಡಿಸುವಾಗ ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದನಂತೆ,
ಸ್ವಲ್ಪ ಅಪಸ್ವರ, ಬೆರಳಿಗಿಂತ ಒಂದು ಹೆಜ್ಜೆ ಮುಂದೆ,
ಯಜಮಾನನನ್ನು ಎಳೆದುಕೊಂಡು ಓಡುವ ನಾಯಿಯ ಹಾಗೆ.
ನಲವತ್ತು ವರ್ಷ ಅಡುಗೆಮನೆಯಿಂದ ಕೇಳಿದ್ದಳು.

ತಂತ್ರಾಂಶಕ್ಕೆ ಏನು ಗೊತ್ತು.
ಮನುಷ್ಯನ ಗಂಟಲು ಕಂಡರೆ ಗಿರಾಕಿ ಎಂದು ಬರೆದುಕೊಳ್ಳುತ್ತದೆ.
ನುಡಿಸುವವನನ್ನೇ ಹರಟುವವರ ಜೊತೆ ಆಚೆ ಹಾಕಿತ್ತು.

ಉಳಿಕೆಯನ್ನು ತೆರೆದೆವು. ಪಿಯಾನೊ ಇಲ್ಲದ ಅದೇ ಸಂಜೆ.
ಒಬ್ಬ ಹುರಿದ ಮೀನು ಇನ್ನೊಂದು ತಟ್ಟೆ ಕೇಳುತ್ತಾನೆ.
ಒಬ್ಬ "ಎರಡು, ಒಂದು" ಎನ್ನುತ್ತಾನೆ. ಐಸ್ ಹಾಕಿ ಇರಬೇಕು;
ಗೆದ್ದವರು ಯಾರೆಂದು ಹೇಳುವುದಿಲ್ಲ.
ಕುರ್ಚಿ. ಬಾಗಿಲು. ಮತ್ತೆ ಬಾಗಿಲು.
ಎಲ್ಲದರ ಅಡಿಯಲ್ಲಿ, ಪಾತ್ರೆಗೆ ತಳಹಿಡಿದ ಹಾಲಿನ ಹಾಗೆ,
ಅವನು. ಯಾವ ಹಾಡಿಗೆಂದು ತಿಳಿಯದ ಗುನುಗು.
ಔಲಿಕ್ಕಿ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿಕೊಂಡಳು.

ಆಮೇಲೆ ಆ ನಗು.
ಏಳನೇ ನಿಮಿಷ, ಯಾರೋ ಹೆಂಗಸು, ಮೈಕಿಗೆ ತೀರಾ ಹತ್ತಿರ.
ಎಂಟನೇ ನಿಮಿಷ, ಗುನುಗು ನಿಂತಿತು, ಅವನು ಏನೋ ಅಂದ,
ಅವಳು ಮತ್ತೆ ನಕ್ಕಳು. ತಗ್ಗಿನ, ತುಂಬಿದ ನಗು.

"ಇವಳು ಯಾರು?"
ಹೆಸರು ಹೇಳುವ ತಂತ್ರಾಂಶ ಇನ್ನೂ ಬಂದಿಲ್ಲ, ಎಂದೆ.
ತಮಾಷೆ ಮಾಡಬಾರದಿತ್ತು.
"ಆ ನವೆಂಬರಿನಲ್ಲಿ ನಾನು ಬಾಣಂತಿ," ಎಂದಳು, ಪರದೆಗೆ.
"ಗುನುಗು ಇರಲಿ. ನಗು ತೆಗಿ."

ನೋಡಿದೆ. ಮೂರೂವರೆಗೇ ಕತ್ತಲಾಗಿ
ಔರಾ ನದಿಯ ದಂಡೆಗೆ ದೀಪ ಹತ್ತಿದವು.
ಎರಡೂ ಒಂದೇ ಕಿತ್ತಳೆ ಕಲೆ. ನಗು ಅಳಿಸಿದಲ್ಲೆಲ್ಲ
ಗುನುಗಿಗೆ ತೂತು. ತೂತು ಹೊಲಿದರೆ
ಹೊಲಿಗೆಯ ಸಂದಿಯಿಂದ ನಗು ಇಣುಕುತ್ತದೆ.
ಬರೆದರೂ ಅಷ್ಟೇ: ಗುನುಗು, ನಗು,
ಯಾವ ಅಕ್ಷರ ಯಾರದು?
ಬಿಡಿಸಲಾಗದು, ಎಂದೆ.

ಔಲಿಕ್ಕಿ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದಳು.
ಒಂದು ತಪ್ಪಿತು. ಎಲ್ಲ ಬಿಚ್ಚಿ ಕೆಳಗಿನಿಂದ ಮತ್ತೆ ಹಾಕಿದಳು.
ಬಾಗಿಲಲ್ಲಿ ನಿಂತು,
"ಮೀನು ಕೇಳಿದನಲ್ಲ," ಎಂದಳು, "ಅವನನ್ನೂ ಬಿಡು.
ಅವರಿಬ್ಬರನ್ನೇ ಬಿಡಬೇಡ."

ಮೀನಿನವನನ್ನು ಅವನ ಜಾಗದಲ್ಲಿ ಕೂರಿಸಿದೆ.
ಎರಡು, ಒಂದು ಎಂದವನನ್ನು
ಯಾರೂ ಹೇಳಿರಲಿಲ್ಲ, ನಾನಾಗಿ ಸೇರಿಸಿದೆ.