ಚೋರಡಿ ಸ್ಟಾಪು

ಎರಡನೇ ವರ್ಷದ ಎಂ.ಎಸ್ಸಿ.ಯ ಕೊನೆಗೆ
ನನಗೆ ಗೊತ್ತಿರುವುದು ಇಷ್ಟು:
ನಾಲಗೆಗೆ ಎಂಟು ಜೋಡಿ ಸ್ನಾಯು.
ಕ ಹುಟ್ಟುವುದು ಕಿರುನಾಲಗೆಯ ಮಗ್ಗುಲಲ್ಲಿ,
ಪ ತುಟಿಯ ಹೊಸ್ತಿಲಲ್ಲಿ.
ಒಂದನೇ ಕ್ಲಾಸಿನಲ್ಲಿ ಒದರಿದ ವರ್ಣಮಾಲೆ
ಬಾಯಿಯದೇ ನಕಾಶೆ ಎಂದು ತಿಳಿಯಲು
ಇಪ್ಪತ್ತಮೂರು ವರ್ಷ ಹಿಡಿಯಿತು.

ಶಿವಮೊಗ್ಗ, ದೊಡ್ಡಾಸ್ಪತ್ರೆ, ಕಿಟಕಿ ಪಕ್ಕದ ಮಂಚ.
ಹಾಲೇಶಪ್ಪ, ಐವತ್ತೆಂಟು, ಕಂಡಕ್ಟರು,
ಸಾಗರದ ಲೈನಿನಲ್ಲಿ ಇಪ್ಪತ್ತಾರು ವರ್ಷ.
ಲಕ್ವ ಹೊಡೆದು ಬಲಗೈ ಹೋಯಿತು; ಮಾತೂ,
ಒಂದನ್ನು ಬಿಟ್ಟು.
ಹೆಸರೇನು? ರೈಟ್.
ನೋವಿದೆಯಾ? ರೈಟ್.
ಎಡಗೈಯಿಂದ ಕಂಬಿಗೆ ಎರಡು ಏಟು, ರೈಟ್ ರೈಟ್.
ಮಂಚ ಮಾತ್ರ ಹೊರಡುವುದಿಲ್ಲ.

ಚಿತ್ರದ ಕಾರ್ಡು ಹಿಡಿದೆ: ಬಾಚಣಿಗೆ, ಲೋಟ, ಛತ್ರಿ.
ಅವರ ಬಾಯಿ ತೆರೆಯುವಷ್ಟರಲ್ಲಿ
ಹೆಂಡತಿ ಕರಿಬಸಮ್ಮ ಉತ್ತರ ಹೇಳಿಬಿಡುತ್ತಿದ್ದರು,
ಪರೀಕ್ಷೆಗೆ ಕೂತವರು ತಾವೇ ಎಂಬಂತೆ.
ಹೇಳಬೇಡಿ ಅಮ್ಮಾ ಎನ್ನಲು ನನಗೆ ಬಾಯಿಲ್ಲ;
ನನ್ನ ತುದಿನಾಲಗೆಯಲ್ಲೂ ಆ ಲೋಟ ತುಳುಕುತ್ತಿತ್ತು.
ಹತ್ತರವರೆಗೆ ಎಣಿಸು, ಎಂದಿದ್ದರು ಫಿಲೋಮಿನಾ ಮೇಡಂ.
ಸೀಟಿಗೆ ಟವೆಲ್ ಹಾಕಿದ ಹಾಗೆ ಆ ಮೌನ,
ಬೇರೆ ಯಾರೂ ಬಂದು ಕೂರದ ಹಾಗೆ ನೋಡಿಕೋ.

ಲಾಗ್‌ಬುಕ್ಕಿನಲ್ಲಿ ಗಂಟೆಗಳಿಗೆ ಸಹಿ ಬೀಳುತ್ತದೆ.
ಉಗ್ಗು ಇಷ್ಟು, ಸೀಳುತುಟಿ ಇಷ್ಟು,
ಕಿವಿ ಕೇಳದ ಮಕ್ಕಳೊಂದಿಗೆ ಆಟ ಇಷ್ಟು.
ಕಾದದ್ದಕ್ಕೆ ಅಂಕಣವಿಲ್ಲ.

ಹದಿನಾರನೇ ದಿನ ಕಾರ್ಡುಗಳನ್ನು ಚೀಲಕ್ಕೆ ತುರುಕಿ
ಸುಮ್ಮನೆ "ಗಾಡಿಕೊಪ್ಪ" ಎಂದೆ.
ಎಣಿಸಿದೆ. ಏಳು. ಎಂಟು.
"ಆಯನೂರು," ಎಂದರು.
"ಕುಂಸಿ, ಚೋರಡಿ, ಆನಂದಪುರ"
ಸಾಗರದವರೆಗೂ ಒಂದೇ ಉಸಿರು, ಅದೇ ಮೂಗಿನ ರಾಗ.
ಪಕ್ಕದ ಮಂಚದವನು ಎದ್ದು ಕೂತ,
ತಾನು ಇಳಿಯಬೇಕಿತ್ತೇನೋ ಎಂಬಂತೆ.

ಮೇಡಂ ಹಿಗ್ಗಲಿಲ್ಲ.
ಅದು ಮಾತಲ್ಲ, ರೂಢಿ, ಎಂದರು. ಗಿಳಿಗೂ ಬರುತ್ತೆ.
ಅಲ್ಲಿಂದ ಮಾತಿನ ದಡಕ್ಕೆ ಒಂದು ಕಾಲುಸಂಕ ಹಾಕು.
ಅದಕ್ಕೇ ಇಷ್ಟು ಓದಿಸಿದ್ದು ನಿನ್ನ.

ಇವತ್ತು ಹತ್ತೂವರೆಗೆ
ಮೇಜಿನ ಮೇಲಿನ ಹೂಜಿ ನೋಡಿ
ಹಾಲೇಶಪ್ಪ ತಾವಾಗಿಯೇ ಅಂದರು: "ಚೋರಡಿ."
ತಪ್ಪು ಪದ, ಎಂದಿತು ಪುಸ್ತಕ.
ಆ ತಪ್ಪಿಗೊಂದು ಗ್ರೀಕ್ ಹೆಸರೂ ಉಂಟು.
ಕರಿಬಸಮ್ಮ ನಕ್ಕುಬಿಟ್ಟರು:
"ಅಲ್ಲಿ ಹೊಳೆ ಐತಲ್ಲವ್ವ.
ಬಸ್ಸು ನಿಂತ್ರೆ ಸಾಕು, ಇಳಿದೋಗಿ ಮುಖ ತೊಳ್ಕೊಂಬರೋರು."

ಫಾರ್ಮಿನಲ್ಲಿ ಇರುವುದು ಎರಡೇ ಚೌಕ, ಸರಿ ಮತ್ತು ತಪ್ಪು.
ಪೆನ್ನು ನಡುಗೆರೆಯ ಮೇಲೆ ನಿಂತೇ ಇತ್ತು.

ನೀರಿಗೆ ಪುಡಿ ಕದಡಿ ಗಂಜಿಯಷ್ಟು ಮಂದ ಮಾಡಿದೆ.
ಅರ್ಧ ಚಮಚ. ಗದ್ದ ಕೆಳಗೆ, ಎಂದೆ.
ಗಂಟಲಿಗೆ ಎರಡು ಬೆರಳಿಟ್ಟು ಕಾದೆ.
ಬೆರಳ ಕೆಳಗೆ ಅದು ಮೇಲೇರಿತು,
ಒಂದು ಗಳಿಗೆ ತಡೆಯಿತು,
ಇಳಿಯಿತು.
ಕೆಮ್ಮಿಲ್ಲ.
ಇನ್ನೊಂದು ಚಮಚ.