ಕಡೇ ಸ್ಟಾಪು

ನಸುಕಿನ ಐದಕ್ಕೆ ಸ್ವಾರಗೇಟ್ ಡಿಪೋದಲ್ಲಿ
ಡ್ಯೂಟಿ ಹಚ್ಚುವ ಬಾಬು ಕೇಳಿದ:
ಯಾಕೆ ಕುಂಟುತ್ತೀರಿ ತಾಯಿ, ಎಲ್ಲಿ ಬಿದ್ದಿರಿ?
ಬಿದ್ದಿಲ್ಲ. ಬೆರಳು ಬಾತಿವೆ.
ಎರಡೂ ಕಾಲಿನ ಕಿರುಬೆರಳು, ಅದರ ಪಕ್ಕದ್ದು,
ಕಳಿತ ನೇರಳೆಯ ಬಣ್ಣ.
ಬೂಟು ಹಾಕಿದರೆ ಉರಿ, ಬಿಚ್ಚಿದರೆ ಕೊರೆತ,
ಬೆಚ್ಚಗಾದರೆ ತುರಿಕೆ.
ಎಂಥ ತುರಿಕೆ ಅಂದರೆ
ಚಿಲ್ಲರೆ ಎಣಿಸುವುದು ಬಿಟ್ಟು
ಅಲ್ಲೇ ಕೂತು ಅತ್ತುಬಿಡಬೇಕು ಅನ್ನುವಂಥದ್ದು.

ಬಾಪಟ ಡಾಕ್ಟರು ಬಗ್ಗಿ ನೋಡಿ
ಚಿಲ್‌ಬ್ಲೇನ್ ಅಂದರು.
ಚಡಚಣದ ತಂಗಿಗೆ ಫೋನು ಹಚ್ಚಿದೆ:
ಕನ್ನಡದಾಗ ಇದಕ್ಕ ಏನಂತಾರ?
ರೊಟ್ಟಿ ಬಡಿಯುವ ಸದ್ದು ನಿಂತಿತು.
ಬಿಸಲಿಗೆ ಬಂದದ್ದಕ್ಕ ನಮ್ಮ ಕಡೆ ಹೆಸರ ಅದಾವ,
ಥಂಡಿಗೆ ಬಂದದ್ದಕ್ಕ ಇಲ್ಲ ಅಕ್ಕಾ ಅಂದಳು.
ಮತ್ತೆ ರೊಟ್ಟಿ.

ಹೆಸರಿಲ್ಲದ್ದಕ್ಕೆ ಯಾವ ದೇವರಿಗೆ ಹರಕೆ ಹೊರಲಿ.

ಎರಡು ವರ್ಷದ ಹಿಂದೆ, ದಾಂಡೇಕರ ಪೂಲಿನ ಸಿಗ್ನಲ್ಲಿನಲ್ಲಿ
ನನ್ನ ಎದೆ ಬಸ್ಸಿಗಿಂತ ಮುಂದೆ ಓಡಿತ್ತು.
ಅಂದಿನಿಂದ ಬಿಳಿ ಗುಳಿಗೆ, ಮುಂಜಾನೆ ಅರ್ಧ, ರಾತ್ರಿ ಅರ್ಧ,
ಎದೆ ಓಡಬಾರದು, ನಡೆಯಬೇಕು.
ನಡೆಯುತ್ತಿದೆ.
ನಡೆಯುವ ಎದೆಯ ರಕ್ತ
ಡಿಸೆಂಬರಿನ ಪುಣೆಯಲ್ಲಿ
ಪಾದದ ತನಕ ಬರಲು ಮನಸ್ಸು ಮಾಡುವುದಿಲ್ಲ.

ಡಾಕ್ಟರು ಇದನ್ನು ಚಿತ್ರ ಬರೆದು ತಿಳಿಸಿದರು.
ನನಗೆ ಬೇಕಿರಲಿಲ್ಲ ಚಿತ್ರ.
ಇಪ್ಪತ್ತೊಂದು ವರ್ಷ ಡೋಣಜೆ ರೂಟಿನಲ್ಲಿ ಇದ್ದವಳು,
ಗಾಡಿ ಕಡಿಮೆಯಾದರೆ ಯಾರಿಗೆ ಮೊದಲು ತಪ್ಪುತ್ತದೆ ಗೊತ್ತು.
ಶಹರದ ನಡುವಿನವರಿಗೆ ಅಲ್ಲ.

ತಡೆಯಲಾರದೆ ಗುಳಿಗೆಯನ್ನೇ ಬಿಟ್ಟೆ, ಯಾರಿಗೂ ಹೇಳದೆ.
ಒಂದು ದಿನ ಏನೂ ಇಲ್ಲ.
ಎರಡನೆಯ ದಿನ ಬೆರಳು ಬೆಚ್ಚಗಾದಂತೆ ಅನಿಸಿ ಖುಷಿಪಟ್ಟೆ.
ಮೂರನೆಯ ದಿನ ಧಾಯರಿ ಫಾಟಾ ದಾಟುವಾಗ
ಎದೆಯೊಳಗೆ ಯಾರೋ ಹಗ್ಗ ಜಗ್ಗಿದರು,
ಡಬಲ್ ಬೆಲ್, ಡಬಲ್ ಬೆಲ್, ಡಬಲ್ ಬೆಲ್,
ಕಂಬಿ ಹಿಡಿದು ನಿಂತೆ, ಕಣ್ಣು ಕತ್ತಲೆ,
ಕೊಳೇಕರ ಗಾಡಿ ಬದಿಗೆ ಹಾಕಿದ.
ಒಂದೂ ಬೆಲ್ ಹೊಡೆಯದೆ ಅವನಿಗೆ ಹೇಗೆ ತಿಳಿಯಿತೋ.

ಬಾಪಟರು ಬೈದರು. ಮರಾಠಿಯಲ್ಲಿ ಬೈದರೆ
ಅರ್ಧ ತಮಾಷೆ ಅನಿಸುತ್ತದೆ, ಅವತ್ತು ಅನಿಸಲಿಲ್ಲ.
ಒಮ್ಮೆಲೇ ಬಿಡುವ ಗುಳಿಗೆ ಅಲ್ಲ ಇದು.
ಬದಲಿಸುವುದಿದ್ದರೆ ನಾನು ಬದಲಿಸುತ್ತೇನೆ, ನೀವಲ್ಲ.
ಕೆಂಡಕ್ಕೆ ಕಾಲೊಡ್ಡಬೇಡಿ.
(ಒಡ್ಡಿದ್ದೆ. ಪಕ್ಕದ ಶೇವಂತಾಬಾಯಿಯ ಶೇಗಡಿಗೆ.
ಗುಳ್ಳೆ ಎದ್ದಿತ್ತು. ಹೇಳಲಿಲ್ಲ.
ಅವರು ಕಾಲನ್ನೂ ಮುಖವನ್ನೂ ನೋಡಿ ಬರೆದುಕೊಂಡರು.)

ಈಗ ತುಳಶೀಬಾಗಿನ ಫುಟ್‌ಪಾತಿನಲ್ಲಿ ಕೊಂಡ
ಗಂಡಸರ ಸಡಿಲ ಕಾಲುಚೀಲ, ಒಂದರ ಮೇಲೊಂದು.
ಒಂದು ನಂಬರು ದೊಡ್ಡ ಬೂಟು.
ಸೀಟು ಖಾಲಿ ಇದ್ದರೂ ಕೂರುವುದಿಲ್ಲ,
ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಅಡ್ಡಾಡುತ್ತೇನೆ,
ತಿಕೀಟ, ತಿಕೀಟ,
ಯಾರೂ ಹತ್ತದಿದ್ದರೂ.

ಖಡಕವಾಸಲಾ ಬಂತೆಂದರೆ ನೀರಿನ ಮೇಲಿನ ಗಾಳಿ
ಒಡೆದ ಕಿಟಕಿಯಿಂದ ನೇರ ಕಾಲಿಗೇ ಬರುತ್ತದೆ,
ವಿಳಾಸ ಬರೆದುಕೊಂಡು ಬಂದಂತೆ.

ಡೋಣಜೆಯಲ್ಲಿ ಮಂಜು. ಗಡ ಕಾಣುವುದಿಲ್ಲ.
ಮೊಸರಿನ ಕುಡಿಕೆಗಳ ಬುಟ್ಟಿ ಇಟ್ಟುಕೊಂಡು
ಕುಕ್ಕರಗಾಲಲ್ಲಿ ಕೂತ ಮುದುಕಿ, ದಿನವೂ ಅವಳೇ,
ಇಷ್ಟು ತಡವೇನೇ ಅನ್ನುತ್ತಾಳೆ.
ತಡ, ಹೌದು, ಅನ್ನುತ್ತೇನೆ. ಬಂದೆನಲ್ಲ.

ಇಲ್ಲಿ ಗಾಡಿ ಹತ್ತು ನಿಮಿಷ ನಿಲ್ಲುತ್ತದೆ.
ಇಂಜಿನ್ ಬಂದ್. ಕೊಳೇಕರ ಚಹಾ ತರುತ್ತಾನೆ,
ನನ್ನದಕ್ಕೆ ಸಕ್ಕರೆ ಕಡಿಮೆ.
ಗ್ಲಾಸಿಗೆ ಕೈ ಸುತ್ತಿ
ಇಂಜಿನ್ನಿನ ಪಕ್ಕದ ಹಲಗೆಯ ಮೇಲೆ,
ತಾಗಿಸದೆ, ಒಂದು ಗೇಣು ದೂರದಲ್ಲಿ, ಕಾಲಿಡುತ್ತೇನೆ.
ಏನೂ ಇಲ್ಲ.
ಏನೂ ಇಲ್ಲ.
ಆಮೇಲೆ ಎಡಗಾಲಿನ ಕಿರುಬೆರಳ ತುದಿಗೆ
ಇರುವೆಯೊಂದು ನಡೆದಂತೆ.
ಹಲ್ಲು ಕಚ್ಚಿ ಹಿಡಿಯುತ್ತೇನೆ, ಕೆರೆಯುವುದಿಲ್ಲ.
ಬಾ ಮಾರಾಯಾ.
ನೀನೇ ನನ್ನ ಕೊನೆಯ ಪ್ಯಾಸೆಂಜರು.